ನಕ್ಷೆಯಲ್ಲಿಲ್ಲದ ಬಾಗಿಲು

ಮನೆಯ ನಕ್ಷೆಯನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಕಾದಂಬರಿಯ ತಂತ್ರ, ಕವಿತೆಯ ಪ್ರತಿಮೆ ಅಂತ ಪುಟಗಟ್ಟಲೆ ಬರೆಯುವ ನಮ್ಮ ವಿಮರ್ಶಕರು ತಮ್ಮ ಮನೆಯ ಹಳೇ ಅಡುಗೆಮನೆ, ಬಚ್ಚಲು ಒಡೆಸಿ ಹೊಸದು ಕಟ್ಟಿಸುವಾಗ ಇಂಜಿನಿಯರು ಬಿಡಿಸಿಕೊಟ್ಟ ಹಾಳೆಗೆ ಕಣ್ಣು ಮುಚ್ಚಿಕೊಂಡು ಸಹಿ ಹಾಕುತ್ತಾರೆ. ಗ್ರಾನೈಟು ಕಪ್ಪೋ ಕೆಂಪೋ, ಕಮೋಡು ಗೋಡೆಗೆ ಕೂರಿಸುವುದೋ ನೆಲಕ್ಕೆ ಕೂರಿಸುವುದೋ, ಚರ್ಚೆ ಅಷ್ಟಕ್ಕೇ ಮುಗಿಯುತ್ತದೆ. ಆ ಹಾಳೆಯನ್ನೂ ಒಂದು ಕೃತಿಯೆಂದೇ ಓದಬೇಕು ಅನ್ನುತ್ತೇವೆ ನಾವು. ಜಾತಿಯನ್ನು ಇಲ್ಲಿ ಬರೀ ಶಾಸ್ತ್ರದಲ್ಲಿ ಬರೆದಿಡಲಿಲ್ಲ, ಇಟ್ಟಿಗೆ ಗಾರೆಯಲ್ಲೂ ಕಟ್ಟಿಟ್ಟರು.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳನ್ನೇ ನೋಡಿ. 1890ರ ದಶಕದಲ್ಲಿ ರೂಪುಗೊಂಡು 1898ರ ಪ್ಲೇಗಿನ ನಂತರ ತುಂಬಿಕೊಂಡ ಬಡಾವಣೆಗಳು ಇವು. ಮುಂದೆ ಅಗಲವಾದ ರಸ್ತೆ, ಮರದ ಸಾಲು. ಎರಡು ಸಾಲು ಮನೆಗಳ ಬೆನ್ನ ಹಿಂದೆ ಒಂದು ಕಿರಿದಾದ ಓಣಿ. ಇಂಗ್ಲಿಷಿನಲ್ಲಿ ಅದಕ್ಕೆ ಕನ್ಸರ್ವೆನ್ಸಿ ಲೇನ್ ಎಂಬ ಗಂಭೀರವಾದ ಹೆಸರು. ಆ ಓಣಿ ಗಾಳಿಗಲ್ಲ, ಬೆಳಕಿಗಲ್ಲ. ಹಿತ್ತಿಲ ಕಕ್ಕಸಿನಿಂದ ಮಲ ಎತ್ತಲು ಬರುವವರು ಮುಂಬಾಗಿಲ ಕಡೆ ಸುಳಿಯದೆ ಬಂದು ಹೋಗಲಿ ಅಂತ. ಕಕ್ಕಸಿನ ಹಿಂಗೋಡೆಯಲ್ಲಿ ಒಂದು ಸಣ್ಣ ಬಾಗಿಲು. ಒಳಗೆ ಕೂತವನಿಗೆ ಎತ್ತುವವಳ ಮುಖ ಕಾಣದು. ಎತ್ತುವವಳಿಗೆ ಕೂತವನ ಮುಖ ಕಾಣದು. ನಗರಯೋಜನೆಯ ಜಾಣ್ಮೆಯೆಂದು ಹೊಗಳಿಸಿಕೊಂಡ ಈ ಗೆರೆ ಮನುವಿನ ಗೆರೆಯೇ ಹೊರತು ಬೇರೆಯಲ್ಲ. ಇವತ್ತು ಆ ಓಣಿಗಳಲ್ಲಿ ಸ್ಕೂಟರು ನಿಂತಿರುತ್ತವೆ, ಕಸ ಬಿದ್ದಿರುತ್ತದೆ. ಎಷ್ಟೋ ಕಡೆ ಅಡುಗೆಮನೆ ದೊಡ್ಡದು ಮಾಡುವ ನೆಪದಲ್ಲಿ ಓಣಿಯೇ ಮನೆಯೊಳಕ್ಕೆ ಸೇರಿಹೋಗಿದೆ.

ಆಮೇಲೆ ನೀರು ಬಂತು, ಕೊಳವೆ ಬಂತು. ಹಿತ್ತಿಲ ತುದಿಯಲ್ಲಿದ್ದ ಕಕ್ಕಸು ಮಲಗುವ ಕೋಣೆಗೇ ಅಂಟಿಕೊಂಡಿತು. ಮಡಿವಂತರ ಮನೆಯಲ್ಲೇ ಅದು ಹೀಗೆ ಒಳಗೆ ಬಂದದ್ದನ್ನು ಕಂಡು, ನೋಡ್ರಿ, ನೀರಿನ ಜೊತೆ ಜಾತಿಯೂ ಕೊಚ್ಚಿಹೋಯಿತು ಅಂತ ಭಾಷಣ ಬಿಗಿದವರಿದ್ದಾರೆ. ಎಲ್ಲಿ ಹೋಯಿತು ಸ್ವಾಮಿ? ಟೈಲ್ಸಿನ ಕೆಳಗೆ ಹೋಯಿತು, ಅಷ್ಟೆ. ಕಕ್ಕಸಿನ ಹಿಂಬಾಗಿಲು ಹೋಗಿ ಚೇಂಬರಿನ ಮುಚ್ಚಳ ಬಂತು. ಅಂದು ಆ ಬಾಗಿಲಿಗೆ ಬರುತ್ತಿದ್ದವರ ಮಕ್ಕಳೇ ಇಂದು ಈ ಮುಚ್ಚಳ ತೆಗೆಯಲು ಬರುತ್ತಾರೆ.

1973ರಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದದ್ದಕ್ಕೆ ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು. ಆ ಮಾತು ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಅಚ್ಚಾಗಿ ಕೂತಿದೆ. ಅದೇ ಮನುಷ್ಯ ಅದೇ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಲ್ಲಿಸಲು ಹೊರಟದ್ದು ಎಷ್ಟು ಜನ ಸಾಹಿತಿಗಳಿಗೆ ನೆನಪಿದೆ? 1993ರಲ್ಲಿ ಸಂಸತ್ತಿನ ಕಾಯ್ದೆ ಬಂತು. 2013ರಲ್ಲಿ ಇನ್ನೊಂದು ಬಂದು, ಸುರಕ್ಷಾ ಸಾಧನಗಳಿಲ್ಲದೆ ಒಳಚರಂಡಿಗೂ ಸೆಪ್ಟಿಕ್ ಟ್ಯಾಂಕಿಗೂ ಮನುಷ್ಯರನ್ನು ಇಳಿಸುವುದು ಅಪರಾಧ ಎಂದಿತು. ನಡುವೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಜನ ತಾವಿದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ನಡುಬೀದಿಯಲ್ಲಿ ಮಲವನ್ನು ಮೈಮೇಲೆ ಸುರಿದುಕೊಂಡರು. ಊರಿನ ಕಕ್ಕಸುಗಳನ್ನೆಲ್ಲ ತೊಳೆದವರಿಗೆ ಒಂದು ಅಡುಗೆಮನೆ, ಒಂದು ಬಚ್ಚಲು ನೆಮ್ಮದಿಯಾಗಿ ಉಳಿಯುವ ಜಾಗ ಆ ಊರಿನ ನಕ್ಷೆಯಲ್ಲಿರಲಿಲ್ಲ. ಗುಂಡಿಗಿಳಿದು ಸತ್ತವನ ಮನೆಗೆ ಹತ್ತು ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಮೂವತ್ತು ಲಕ್ಷ ಕೊಡಿ ಎಂದಿತು. ಸಾವಿನ ದರ ಏರಿತು. ಮುಚ್ಚಳ ಅಲ್ಲೇ ಇದೆ.

ಇನ್ನು ಅಡುಗೆಮನೆ. ಒಲೆ ಆಗ್ನೇಯಕ್ಕಿರಬೇಕು, ಈಶಾನ್ಯದಲ್ಲಿ ಕಕ್ಕಸು ಕೂಡದು ಎಂಬ ವಾಸ್ತು ಪುರೋಹಿತರ ಮಾತು ಬಿಡಿ, ಅವರ ಹೊಟ್ಟೆಪಾಡು ನಮಗೆ ಗೊತ್ತಿರುವುದೇ. ವಿಜ್ಞಾನದ ಹೆಸರಿನಲ್ಲಿ ಬಂದ ತ್ರಿಕೋನದ ಮಾತಾಡೋಣ. ಒಲೆ, ಸಿಂಕು, ಫ್ರಿಜ್ಜು ಈ ಮೂರನ್ನು ಸೇರಿಸುವ ಗೆರೆಗಳ ಒಟ್ಟು ಉದ್ದ 13 ಅಡಿಗೆ ಕಡಿಮೆಯಾಗಬಾರದು, 26 ಅಡಿ ದಾಟಬಾರದು ಎಂಬುದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1940ರ ದಶಕದಲ್ಲಿ ಬೆಳೆದ ಲೆಕ್ಕ. ಅದಕ್ಕೂ ಹಿಂದೆ, 1926ರಲ್ಲಿ, ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ ಎಂಬ ಹೆಣ್ಣುಮಗಳು ಜರ್ಮನಿಯ ಫ್ರಾಂಕ್‌ಫರ್ಟಿನ ವಸತಿಗಳಿಗಾಗಿ 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆ ರಚಿಸಿದಳು. ಅಂಥವು ಸುಮಾರು ಹತ್ತು ಸಾವಿರ ಕಟ್ಟಲ್ಪಟ್ಟವು. ದುಡಿಯುವ ಹೆಂಗಸಿನ ಹೆಜ್ಜೆ ಉಳಿಸಬೇಕು ಎಂಬುದು ಆಕೆಯ ಕಾಳಜಿ. ಆಕೆ ಕಮ್ಯುನಿಸ್ಟಳು, ಹಿಟ್ಲರನ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತವಳು. ಅವಳ ಮೊಮ್ಮಗುವೇ ಇವತ್ತಿನ ಮಾಡ್ಯುಲರ್ ಕಿಚನ್. ಕೂಲಿಕಾರರಿಗಾಗಿ ಹುಟ್ಟಿದ್ದು ಲಕ್ಷಗಟ್ಟಲೆ ಬೆಲೆಯ ಶೋಕಿಯಾಗಿ ನಮ್ಮ ಪೇಟೆಗೆ ಬಂದು ಕೂತಿದೆ.

ತ್ರಿಕೋನದ ತಕರಾರಿರುವುದು ಬೇರೆ ಕಡೆ. ಅದು ಒಬ್ಬಳೇ ಅಡುಗೆ ಮಾಡಿ, ಒಬ್ಬಳೇ ತೊಳೆಯುವ ಮನೆಯ ಲೆಕ್ಕ. ನಮ್ಮ ಪೇಟೆಯ ಮಧ್ಯಮ ವರ್ಗದ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರಿದ್ದಾರೆ. ಎರಡನೆಯವಳ ಸಿಂಕು ಒಳಗಿಲ್ಲ. ಹಿಂದಿನ ಕಿರಿದಾದ ಜಾಗದಲ್ಲಿದೆ, ಮುಸುರೆಯ ಜೊತೆಗೆ. ನಕ್ಷೆ ಅದಕ್ಕೆ ಯುಟಿಲಿಟಿ ಅನ್ನುತ್ತದೆ. ನಮ್ಮವ್ವಂದಿರು ಹಿತ್ತಿಲ ಬಾಗಿಲು ಅಂತಿದ್ದರು. ಆಕೆ ಅಲ್ಲಿಂದಲೇ ಬಂದು ಅಲ್ಲಿಂದಲೇ ಹೋಗುವ ಮನೆಗಳು ಈಗಲೂ ಇವೆ. ಅನ್ನ ಬೆಂದ ಪಾತ್ರೆ ಅವಳು ಮುಟ್ಟಬಹುದು, ತೊಳೆಯುವ ತನಕ. ಮನೆಯೊಳಗೆ ಮೂರು ಬಾತ್‌ರೂಮಿದ್ದರೂ ಅವಳ ಹೊಟ್ಟೆ ಕೆಟ್ಟ ದಿನ ಅವು ಮೂರೂ ಅವಳಿಗೆ ಮುಚ್ಚಿರುತ್ತವೆ. ಅಪಾರ್ಟ್‌ಮೆಂಟುಗಳಲ್ಲಿ ಕಾರು ನಿಲ್ಲಿಸುವ ಮೂಲೆಯಲ್ಲಿ ದೀಪವಿಲ್ಲದ ಒಂದು ಕಕ್ಕಸು ಮಾಡಿಕೊಟ್ಟು ಅದನ್ನು ಉಪಕಾರ ಅಂದುಕೊಂಡಿದ್ದಾರೆ. ಈ ಬಾತ್‌ರೂಮುಗಳಿಗೆ ಟೈಲ್ಸು ಹಾಸಿದವನೂ ಅಷ್ಟೆ. ನೀರು ಬಿಟ್ಟು ಪರೀಕ್ಷೆ ಮಾಡಿದ ಮಾರನೇ ದಿನದಿಂದ ಅದು ಅವನದಲ್ಲ.

ಹಾಗಾದರೆ ಬಚ್ಚಲು ಮುಟ್ಟಲೇಬಾರದೇ, ಅಂತೀರಾ? ಮುಟ್ಟಿ. ಆದರೆ ಗೆರೆ ಎಳೆಯುವುದನ್ನು ಕನ್ನಡಿಯಿಂದ ಶುರು ಮಾಡಬೇಡಿ, ಚೇಂಬರಿನಿಂದ ಶುರು ಮಾಡಿ. ಮುಚ್ಚಳ ಮನೆಯ ಹೊರಗೆ, ಯಂತ್ರದ ಕೊಳವೆ ಎಟಕುವ ಕಡೆ ಇರಲಿ. ಚೆಂದ ಕೆಡುತ್ತದೆಂದು ಅದರ ಮೇಲೆ ಟೈಲ್ಸು ಹಾಸಿಬಿಟ್ಟರೆ, ಕಟ್ಟಿಕೊಂಡ ದಿನ ಯಂತ್ರ ಒಳಗೆ ಬರಲಾಗದೆ ಮನುಷ್ಯನನ್ನು ಕರೆಯುತ್ತೀರಿ. ನಾಲ್ಕಿಂಚಿನ ಕೊಳವೆಗೆ ಸುಮಾರು ನಲವತ್ತು ಅಡಿಗೆ ಒಂದಡಿ ಇಳಿಜಾರು ಬೇಕು. ಕಕ್ಕಸನ್ನು ಚೇಂಬರಿನಿಂದ ದೂರದ ಮೂಲೆಗೆ ಸಾಗಿಸಿದಷ್ಟೂ ನೆಲ ಎತ್ತರಿಸಬೇಕಾಗುತ್ತದೆ. ಅದಕ್ಕೆ ಜಿಪುಣತನ ಮಾಡಿದರೆ ಮಲ ನಿಲ್ಲುತ್ತದೆ. ಅಡುಗೆಮನೆಯ ಜಿಡ್ಡನ್ನು ಸಿಂಕಿಗೆ ಸುರಿಯುವವರಿಗೆ ಅದು ಮುಂದೆ ಕೊಳವೆಯಲ್ಲಿ ಗಟ್ಟಿಯಾಗುವುದು ಕಾಣುವುದಿಲ್ಲ. ಹೋಳಿಗೆ, ಬೋಂಡದ ಎಣ್ಣೆಯೂ ಕಕ್ಕಸಿನ ನೀರೂ ಸಂಧಿಸುವ ಗುಂಡಿ ಒಂದೇ. ಅಲ್ಲಿ ಮಡಿಯೂ ಇಲ್ಲ, ಮೈಲಿಗೆಯೂ ಇಲ್ಲ.

ನಮ್ಮ ಕೇರಿಯ ಮಾತು ಬೇರೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮೀಣ ವಸತಿ ಯೋಜನೆ 25 ಚದರ ಮೀಟರಿನ ಮನೆ ಎಂದಿತು, ಅದರೊಳಗೇ ಅಡುಗೆಗೆ ಜಾಗ ಎಂದಿತು, ಬಯಲುಸೀಮೆಯ ಮನೆಗೆ ಒಂದು ಲಕ್ಷ ಇಪ್ಪತ್ತು ಸಾವಿರ ಎಂದಿತು. ಕಕ್ಕಸಿಗೆ ಸ್ವಚ್ಛ ಭಾರತದ ಹನ್ನೆರಡು ಸಾವಿರ. ಇಷ್ಟರಲ್ಲಿ ತ್ರಿಕೋನ ಎಲ್ಲಿ ಬಿಡಿಸುವುದು? ಒಲೆ, ಮಡಕೆ, ಮಲಗುವ ಚಾಪೆ ಎಲ್ಲ ಒಂದೇ ಮೊಳದಲ್ಲಿ. ಬಚ್ಚಲೆಂದರೆ ಮೂರು ಚಪ್ಪಡಿ ಕಲ್ಲು, ಒಂದು ಹಳೇ ಸೀರೆ. ಕತ್ತಲಾಗುವುದನ್ನು ಕಾದು ಸ್ನಾನ ಮಾಡುವ ಹೆಣ್ಣುಮಕ್ಕಳಿಗೆ ನಾಲ್ಕು ಗೋಡೆಯ ಬಚ್ಚಲು ಶೋಕಿಯಲ್ಲ, ಮಾನ. ಅವರು ಮೊದಲು ಬಚ್ಚಲು ಕಟ್ಟಿಸುತ್ತೇವೆಂದರೆ ಅದೇ ಸರಿಯಾದ ನಕ್ಷೆ.

ಕಕ್ಕಸಿನ ವಿಚಾರದಲ್ಲಿ ಮಾತ್ರ ಮೋಸ ಹೋಗಬಾರದು. ಹಳ್ಳಿಗೆ ಹೊಂದುವುದು ಜೋಡಿ ಗುಂಡಿ. ಎರಡರ ನಡುವೆ ಒಂದು ಮೀಟರು ಅಂತರ, ಗೋಡೆಯಲ್ಲಿ ನೀರು ಇಂಗಲು ಸಂದು, ತಳಕ್ಕೆ ಸಿಮೆಂಟಿಲ್ಲ. ಒಂದು ತುಂಬಿದರೆ ದಾರಿ ತಿರುಗಿಸಿ ಇನ್ನೊಂದಕ್ಕೆ ಬಿಡಬೇಕು. ಮುಚ್ಚಿಟ್ಟದ್ದನ್ನು ಒಂದೆರಡು ವರ್ಷ ಬಿಟ್ಟು ತೆಗೆದರೆ ಮಣ್ಣಿನಂತಾಗಿರುತ್ತದೆ, ವಾಸನೆಯಿಲ್ಲ. ಬಚ್ಚಲ ನೀರು, ಅಡುಗೆಮನೆ ನೀರು ಅದಕ್ಕೆ ಬೀಳಬಾರದು. ಆ ಮಣ್ಣನ್ನು ಮನೆಯವರೇ ತೆಗೆದು ಹೊಲಕ್ಕೆ ಹಾಕಬಹುದು, ಯಾರನ್ನೂ ಕರೆಯಬೇಕಿಲ್ಲ. ಊರ ಮೇಲಿನ ಬೀದಿಯವರಿಗೆ ಬೇಡವಾದದ್ದೂ ಇದೇ. ಮಣ್ಣಾಗಿದ್ದರೂ ತಾವು ಮುಟ್ಟರು, ಕೇರಿಗೆ ಹೇಳಿಕಳಿಸುತ್ತಾರೆ. ಇಲ್ಲವೆಂದರೆ ಹತ್ತು ವರ್ಷ ತುಂಬದ ದೊಡ್ಡ ಗುಂಡಿಯೊಂದನ್ನು ತೋಡಿಸಿ ನಿಶ್ಚಿಂತರಾಗುತ್ತಾರೆ. ಗುತ್ತಿಗೆದಾರನಿಗೂ ಒಂದೇ ಗುಂಡಿ ಅಗ್ಗ; ಎರಡನೆಯದರ ಮುಚ್ಚಳ ಮಾತ್ರ ನೆಲದ ಮೇಲಿಟ್ಟು ಫೋಟೋ ಹೊಡೆಸಿ ಬಿಲ್ಲು ಮಾಡಿಕೊಂಡರೆ ಕೇಳುವವರ್ಯಾರು? ಕೇರಿಯ ಹುಡುಗರು ಬಿಲ್ಲಿಗೆ ಹೆಬ್ಬೆಟ್ಟು ಬೀಳುವ ಮೊದಲು ಆ ಎರಡೂ ಮುಚ್ಚಳಗಳನ್ನು ಪಂಚಾಯ್ತಿಯವರ ಕೈಯಲ್ಲೇ ಎತ್ತಿಸಿ ನೋಡಲಿ.