ಎಡ–ಬಲ ಬಲ್ಲ ಪ್ಲೇಟು

ತೆಳುಪದರ ಕ್ರೊಮ್ಯಾಟೊಗ್ರಫಿಯಂತೆ ಇಷ್ಟು ಕಡಿಮೆ ಸರಂಜಾಮಿನಲ್ಲಿ ಇಷ್ಟು ಸೂಕ್ಷ್ಮವಾದ ಕೆಲಸ ಮಾಡುವ ಇನ್ನೊಂದು ವಿಧಾನವನ್ನು ನಾನು ಕಂಡಿಲ್ಲ. ಸಿಲಿಕಾ ಬಳಿದ ಗಾಜಿನ ಪ್ಲೇಟು, ಬ್ಯುಟನಾಲ್–ಅಸಿಟಿಕ್ ಆಮ್ಲ–ನೀರಿನ ಮಿಶ್ರಣ, ಮುಚ್ಚಳವಿರುವ ಜಾಡಿ, ಅಷ್ಟೇ. ದ್ರಾವಕ ಮೇಲೇರಿದಂತೆ ಪ್ಲೇಟಿನ ಬುಡದಲ್ಲಿಟ್ಟ ಅಮೈನೊ ಆಮ್ಲಗಳು ಬೇರೆಬೇರೆ ಎತ್ತರದಲ್ಲಿ ಹಿಂದುಳಿಯುತ್ತವೆ. ಆಗಲೂ ಪ್ಲೇಟು ಬರೀ ಬಿಳಿ. ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ಮಾಡಿದರೆ ನೇರಳೆ ಚುಕ್ಕೆಗಳು ಮೂಡುತ್ತವೆ. ಪ್ರೋಲೀನ್ ಮಾತ್ರ ಹಳದಿ. ಆ ನೇರಳೆಯನ್ನು ರಸಾಯನಶಾಸ್ತ್ರಜ್ಞ ರೂಹೆಮನ್ 1910ರಲ್ಲಿ ಕೇಂಬ್ರಿಜ್‌ನಲ್ಲಿ ಕಂಡರು.

ಒಂದೇ ಅಮೈನೊ ಆಮ್ಲದ, ಎಡಗೈ–ಬಲಗೈಗಳಂತಿರುವ ಎಲ್ ಮತ್ತು ಡಿ ರೂಪಗಳನ್ನು ಮಾತ್ರ ಬರಿಯ ಸಿಲಿಕಾ ಬೇರ್ಪಡಿಸಲಾರದು. ಎರಡೂ ಒಂದೇ ಎತ್ತರಕ್ಕೆ ಏರುತ್ತವೆ. ಹಾಗಾಗಿ ಪ್ಲೇಟಿಗೇ ಕೈರಲ್, ಅಂದರೆ ತಾನೂ ಎಡ–ಬಲ ಭೇದವುಳ್ಳ, ಅಣುವೊಂದನ್ನು ಹಚ್ಚುತ್ತಾರೆ. ತಾಮ್ರದ ಅಯಾನು ಹಿಡಿದ ಪ್ರೋಲೀನ್ ಜಾತಿಯ ಅಣುವಿನೊಡನೆ ಎರಡೂ ರೂಪಗಳು ಜೋಡಿಯಾಗುತ್ತವೆ, ಆದರೆ ಒಂದರ ಹಿಡಿತ ಹೆಚ್ಚು ಬಿಗಿ; ಅದು ಕೆಳಗೇ ಉಳಿಯುತ್ತದೆ. ಇಂಥ ಲೇಪಿತ ಪ್ಲೇಟುಗಳ ಮೇಲೆ ರೂರ್ಕಿ ಐಐಟಿಯ ರವಿ ಭೂಷಣ್ ವರ್ಷಗಟ್ಟಲೆ ದುಡಿದಿದ್ದಾರೆ.