ಎದುರಿಗೆ ಯಾರೂ ಇಲ್ಲದ ಫೋಟೋ

ಇಬ್ಬರು ಹೆಂಗಸರು. ಒಬ್ಬಾಕೆ ಮುಂದೆ, ಇನ್ನೊಬ್ಬಾಕೆ ಅವಳ ಬೆನ್ನಿಗೆ ಮರೆಯಾಗಿ ನಿಂತಿದ್ದಾಳೆ. ಕಪ್ಪು-ಬಿಳುಪು ಚಿತ್ರ. 1940ರ ಸುಮಾರಿಗೆ ತೆಗೆದು ಯಾರದೋ ಟ್ರಂಕಿನ್ಯಾಗ ಉಳಿದದ್ದು ಅನ್ನಿಸ್ತದ. ಜರ್ಮನಿಯ ಛಾಯಾಗ್ರಾಹಕ ಬೋರಿಸ್ ಎಲ್ಡಾಗ್ಸೆನ್ ಇದಕ್ಕೆ ‘ದಿ ಎಲೆಕ್ಟ್ರಿಷಿಯನ್’ ಎಂದು ಹೆಸರಿಟ್ಟರು. 2023ರ ಸೋನಿ ವರ್ಲ್ಡ್ ಫೋಟೋಗ್ರಫಿ ಸ್ಪರ್ಧೆಯ ಒಂದು ವಿಭಾಗದಲ್ಲಿ ಅದು ಗೆದ್ದಿತು. ಏಪ್ರಿಲ್‌ನಲ್ಲಿ ಲಂಡನ್ನಿನ ವೇದಿಕೆ ಹತ್ತಿ ಅವರು ಬಹುಮಾನ ಬೇಡ ಅಂದರು. ಯಾಕಂದ್ರ ಆ ಹೆಂಗಸರು ಎಲ್ಲಿಯೂ ಇರಲೇ ಇಲ್ಲ. ಚಿತ್ರ ಎ.ಐ. ಯಂತ್ರದಿಂದ ಮಾಡಿದ್ದು.

ಇದನ್ನು ಬರೀ ಮೋಸ ಅನ್ನಲಿಕ್ಕೆ ಬರೋದಿಲ್ಲ. ಯಂತ್ರಕ್ಕೆ ಮಾತಿನಲ್ಲಿ ಹೇಳಬೇಕು, ಬಂದದ್ದನ್ನು ನೋಡಬೇಕು, ಬೇಡಾದ ಭಾಗ ಅಳಿಸಿ ಮತ್ತೆ ತುಂಬಿಸಬೇಕು. ಬೆಳಕು ಯಾವ ಕಡೆಯಿಂದ ಬೀಳಬೇಕು ಅನ್ನೋದು ಅನೇಕ ವರ್ಷ ಕ್ಯಾಮೆರಾ ಹಿಡಿದ ಕೈಗೇ ಗೊತ್ತು. ಆ ಅನುಭವ ಚಿತ್ರದಲ್ಲಿ ಕಾಣ್ತದ. ಅದು ಸೇರಿದ ಮಾಲಿಕೆಯ ಹೆಸರಿನ ಅರ್ಥವೇ ‘ಸುಳ್ಳು ನೆನಪು’. ಇದು ಫೋಟೋಗ್ರಫಿ ಅಲ್ಲ, ಬೇರೆ ಕಲೆ, ಇದಕ್ಕೆ ಬೇರೆ ಹೆಸರು ಬೇಕು ಎಂಬುದು ಅವರ ವಾದ. ಇದನ್ನು ಒಪ್ಪತೇನಿ. ಆದರೆ ಸ್ಪರ್ಧೆಗೆ ಕಳಿಸುವಾಗಲೇ ಈ ಮಾತು ಹೇಳಬೇಕಿತ್ತು. ಗೆದ್ದ ಮೇಲೆ ಹೇಳಿದ್ದು ಪಾಠವಾಯಿತು ನಿಜ, ಆದರೆ ತಡವಾದ ಪಾಠ.

2024ರಲ್ಲಿ ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ ಇದನ್ನೇ ತಿರುವುಮುರುವು ಮಾಡಿದರು. ಅರೂಬಾ ದ್ವೀಪದಲ್ಲಿ ತೆಗೆದ ಫ್ಲೆಮಿಂಗೊ ಹಕ್ಕಿಯ ನಿಜವಾದ ಫೋಟೋವನ್ನು ಎ.ಐ. ವಿಭಾಗಕ್ಕೆ ಕಳಿಸಿದರು. ಹಕ್ಕಿ ಹೊಟ್ಟೆ ಕೆರಕೊಳ್ಳುತ್ತಿದ್ದರಿಂದ ತಲೆಯೇ ಕಾಣಿಸದು. ತೀರ್ಪುಗಾರರು ಮೂರನೆಯ ಸ್ಥಾನ ಕೊಟ್ಟರು, ಜನರ ಮತವೂ ಬಿತ್ತು. ನಿಜ ಹೇಳಿದ ಮೇಲೆ ಹೊರಗೆ ಹಾಕಿದರು. ಎರಡೂ ಕಥೆ ಕೂಡಿಸಿ ನೋಡ್ರಿ: ಪಳಗಿದ ಕಣ್ಣಿಗೂ ನೋಡಿದಷ್ಟಕ್ಕೇ ಗೊತ್ತಾಗೋದಿಲ್ಲ. ಮಾಡಿದವರು ಹೇಳಿದರಷ್ಟೇ ಗೊತ್ತು.

ಹಿಂದೆ ಸ್ಟುಡಿಯೋದವರೂ ಕೈಚಳಕ ಮಾಡ್ತಿದ್ದರಲ್ಲ ಎಂದು ನೀವು ಕೇಳಬಹುದು. ಹೌದು, ಅರಮನೆ ಬರೆದ ಪರದೆ ಹಿಂದೆ ಕಟ್ಟುತ್ತಿದ್ದರು, ಕೆನ್ನೆಗೆ ಬಣ್ಣ ಹಚ್ಚುತ್ತಿದ್ದರು. ಅರಮನೆ ಸುಳ್ಳು ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಅದರ ಮುಂದೆ ಕುರ್ಚಿಯಲ್ಲಿ ಕುಂತ ಅಜ್ಜ ಸುಳ್ಳಲ್ಲ.

ಈಗ ಮಸುಕಾದ ಹಳೆಯ ಫೋಟೋವನ್ನು ಮೊಬೈಲಿನಲ್ಲಿ ‘ಸ್ವಚ್ಛ’ ಮಾಡಸ್ತೇವಿ. ಅಳಿಸಿಹೋದ ಮುಖ ಯಂತ್ರಕ್ಕೂ ಗೊತ್ತಿಲ್ಲ. ತಾನು ಕಲಿತ ಲಕ್ಷಾಂತರ ಚಿತ್ರಗಳ ಆಧಾರದ ಮೇಲೆ ಹೀಗಿರಬಹುದು ಅಂತ ಊಹಿಸಿ ತುಂಬತದ. ಗಡಿ ಊರಿನ ಕನ್ನಡ ಶಾಲೆಯ ಗುಂಪು ಫೋಟೋ ನೆನಸಿಕೊಳ್ಳಿರಿ. ಇಷ್ಟು ಮಕ್ಕಳು, ಈ ಗುರುಗಳು, ಹಿಂದೆ ಫಲಕದಲ್ಲಿ ಕನ್ನಡ ಅಕ್ಷರ. ಇಲ್ಲಿ ಕನ್ನಡ ಕಲಿತರು ಅನ್ನಲಿಕ್ಕೆ ಅದೇ ಸಾಕ್ಷಿ. ಯಂತ್ರ ಮುಖ ಬದಲಿಸಿ, ಅಕ್ಷರದ ಜಾಗದಲ್ಲಿ ಅರ್ಥವಿಲ್ಲದ ಗೆರೆ ತುಂಬಿದರೆ ಫೋಟೋ ಚೆಂದಾದೀತು, ಸಾಕ್ಷಿ ಹೋದೀತು.

ಹಾಗಂತ ಮಾಡಿಸಲೇಬಾರದು ಅನ್ನೋದಿಲ್ಲ. ಮೂಲ ಫೋಟೋ ಜೋಪಾನವಾಗಿ ಇಡ್ರಿ. ಹೊಸದರ ಕೆಳಗೆ ‘ಎ.ಐ.ಯಿಂದ ತಿದ್ದಿದ್ದು’ ಎಂದು ಒಂದು ಸಾಲು ಬರೀರಿ. ಲಂಡನ್ನಿನ ವೇದಿಕೆಯ ಮೇಲೆ ತಡವಾಗಿ ಬಂದ ಮಾತು ನಮ್ಮ ಮನೆಯ ಗೋಡೆಯ ಮೇಲೆ ಮೊದಲೇ ಇರಲಿ.