ರಕ್ತ ಹೋಗಿ ಹೋಗಿ

ನಾನಿರುವ ವಿಶಾಖಪಟ್ಟಣಕ್ಕೂ ಗೆಳೆಯನಿರುವ ವಿಜಯವಾಡಕ್ಕೂ ಸುಮಾರು 350 ಕಿ.ಮೀ. ನಡುವಿನ 16ನೇ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಬಿದ್ದ ಲಾರಿ ಕ್ಲೀನರ್ ಒಬ್ಬನ ಬಗ್ಗೆ ಅವನೊಂದು ಕಥೆ ಬರೆದಿದ್ದಾನೆ. ಅದನ್ನು ಇಂಗ್ಲಿಷಿಗೆ ತರಲು ಕೂತವನು ಒಂದೇ ವಾಕ್ಯದಲ್ಲಿ ಮೂರು ವಾರ ಸಿಕ್ಕಿಬಿದ್ದೆ: ‘ಬೆಳಗಾಗುವಷ್ಟರಲ್ಲಿ ರಕ್ತ ಹೋಗಿ ಹೋಗಿ ಸತ್ತಿದ್ದ.’

ನನ್ನ ಮೊದಲ ಕರಡು ‘ಡೈಡ್ ಡ್ಯೂ ಟು ಎಕ್ಸೆಸಿವ್ ಬ್ಲಡ್ ಲಾಸ್’. ಪ್ರಾಜೆಕ್ಟ್ ವರದಿ ಬರೆದೂ ಬರೆದೂ ಪಳಗಿದ ಕೈ ಇದು. ಸರ್ವರ್ ಕೆಟ್ಟರೂ ‘ಡ್ಯೂ ಟು’, ಮನುಷ್ಯ ಸತ್ತರೂ ‘ಡ್ಯೂ ಟು’. ವ್ಯಾಕರಣ ಸರಿಯೇ ಇದೆ. ಆದರೆ ಕಥೆಯೊಳಗಿನ ಆ ಇಡೀ ರಾತ್ರಿ ಮಾಯವಾಗಿತ್ತು.

ಆಫೀಸಿನ ತೆಲುಗು ಸಹೋದ್ಯೋಗಿಯೊಬ್ಬರು ‘ಸಕ್ಕಂಬ್ಡ್ ಟು ಇಂಜುರೀಸ್’ ಹಾಕಿ ಎಂದರು. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳ ಸಿದ್ಧ ಅಚ್ಚು ಅದು. ಗಾಯ ಗೆದ್ದಿತು, ಇವನು ಮಣಿದ ಎಂಬಂತಿದೆ. ಮರಣೋತ್ತರ ಪರೀಕ್ಷೆಯ ವರದಿಗಳಲ್ಲಿ ಬರುವ ‘ಶಾಕ್ ಅಂಡ್ ಹೆಮರೇಜ್’ ವೈದ್ಯರಿಗೆ ಸರಿ. ಅಲ್ಲಿ ಶಾಕ್ ಎಂದರೆ ಬೆಚ್ಚಿಬೀಳುವುದಲ್ಲ, ರಕ್ತ ಸಾಲದೆ ಅಂಗಾಂಗಗಳು ಸೋಲುವುದು. ಕಥೆಯ ಓದುಗ ಅದನ್ನು ತಪ್ಪಾಗಿಯೇ ತಿಳಿದಾನು. ‘ಬ್ಲೆಡ್ ಔಟ್’ನಲ್ಲಿ ಅಮೆರಿಕದ ಆಸ್ಪತ್ರೆ ಧಾರಾವಾಹಿಯ ವಾಸನೆ.

ಸವಕಲು ಎಂದು ಮೊದಲೇ ಪಕ್ಕಕ್ಕಿಟ್ಟಿದ್ದ ‘ಬ್ಲೆಡ್ ಟು ಡೆತ್’ಗೇ ಕೊನೆಗೆ ಮರಳಿದೆ. ಅಲ್ಲಿನ ‘ಟು’ ಒಂದು ದಾರಿ. ಸಾವಿನ ತನಕ ಹೋಗಲು ಹಿಡಿದ ಹೊತ್ತು ಅದರಲ್ಲಿದೆ, ಆ ಹೊತ್ತಿನಲ್ಲಿ ಯಾರಾದರೂ ಬರಬಹುದಿತ್ತು ಎಂಬುದೂ ಇದೆ. ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದು ಎಂಬ ಮಾರ್ಗಸೂಚಿಗೆ ಸುಪ್ರೀಂ ಕೋರ್ಟ್ 2016ರಲ್ಲೇ ಕಾನೂನಿನ ಬಲ ಕೊಟ್ಟಿತ್ತು. ಮರುವರ್ಷದ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕ 18ರ ಹುಡುಗ ರಸ್ತೆಯಲ್ಲಿ ಬಿದ್ದು ಸಹಾಯಕ್ಕೆ ಅಂಗಲಾಚುತ್ತಿದ್ದರೆ, ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆದರು. ಅವನು ‘ತೀವ್ರ ರಕ್ತಸ್ರಾವದಿಂದ ಮೃತಪಟ್ಟ’ ಎಂದು ಬರೆದುಬಿಟ್ಟರೆ ಆ ನಿಂತವರೆಲ್ಲ ವಾಕ್ಯದಿಂದ ಮೆಲ್ಲಗೆ ಜಾರಿಕೊಳ್ಳುತ್ತಾರೆ. ಕನ್ನಡದ ಈ ಪತ್ರಿಕಾ ಭಾಷೆಯೂ ನನ್ನ ‘ಡ್ಯೂ ಟು’ವಿನ ತಮ್ಮನೇ.

‘ಹೋಗಿ ಹೋಗಿ’ ಮಾತ್ರ ಇಂಗ್ಲಿಷಿಗೆ ಬರಲಿಲ್ಲ. ತೆಲುಗಿಗಾದರೆ ‘ಪೋಯಿ ಪೋಯಿ’ ಎಂದು ಪುಕ್ಕಟೆಯಾಗಿ ಸಿಗುತ್ತಿತ್ತು, ಹೊಟ್ಟೆಕಿಚ್ಚಾಯಿತು. ‘ಬೈ ಡೇಬ್ರೇಕ್’ ಅನ್ನು ವಾಕ್ಯದ ತಲೆಯಲ್ಲೇ ಉಳಿಸಿಕೊಂಡು ಫೋನಿನಲ್ಲಿ ಓದಿದೆ. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇನ್ನು ಅದನ್ನ ಮುಟ್ಟಬೇಡ ಕಣೋ, ಮುಂದಿನ ಪುಟಕ್ಕೆ ಹೋಗು’ ಎಂದ.